ನಿಂಗರಾಜನ ಹಾಡಿಗೆ ಕತ್ತರಿ ಹಾಕಿದ್ದು

ಥಿಯೇಟರ್‌ನಲ್ಲಿ ಜೋರಾಗಿ ನಕ್ಕು, ಮರುಕ್ಷಣವೇ ಬಾಯಿ ಮುಚ್ಚಿಕೊಂಡ ಅನುಭವ ನಿಮಗಿದೆಯಾ? ಕಳೆದ ಭಾನುವಾರ ಹಾಸನದಲ್ಲಿ ನನಗಾಯಿತು.

ಸಿನಿಮಾ ಒಬ್ಬ ಸೂಪರ್‌ಸ್ಟಾರ್ ಬಗ್ಗೆ. ಪರದೆ ಮೇಲೆ ಹುಲಿ, ಮೇಕಪ್ ರೂಮಿನಲ್ಲಿ ಇಲಿ. ಸಹನಟನ ಡೈಲಾಗಿಗೆ ಸೆಟ್‌ನಲ್ಲಿ ಚಪ್ಪಾಳೆ ಬೀಳುತ್ತದೆ. ಸ್ಟಾರ್ ಮೆಲ್ಲಗೆ ಡೈರೆಕ್ಟರ್ ಕಿವಿಯಲ್ಲಿ ಉಸುರುತ್ತಾನೆ: 'ಸೀನ್ ಉದ್ದ ಆಯ್ತು, ಅದನ್ನ ತೆಗೀರಿ.'

'ಎಂಥಾ ಸಣ್ಣ ಮನ್ಸ ನೋಡ್ಲಾ!' ಎಂದು ನಕ್ಕು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿದ್ದವನು ಹಳ್ಳಿಮೈಸೂರಿನ ಗೆಳೆಯ ನಿಂಗರಾಜು. ಅವನು ನಗಲಿಲ್ಲ.

ಆಗ ನೆನಪಾಯಿತು.

ಹೋದ ವರ್ಷ ಅವರೂರಿನಲ್ಲಿ ಪೌರಾಣಿಕ ನಾಟಕ. ನನ್ನದು ರಾಜನ ಪಾರ್ಟು (ಕಿರೀಟ ದೊಡ್ಡದು, ಕಂಠ ಸಣ್ಣದು). ಅವನದು ಮಂತ್ರಿ, ಒಂದೇ ಹಾಡು. ಆದರೆ ಪ್ರಾಕ್ಟೀಸಿನಲ್ಲಿ ಅವನು ಬಾಯಿಬಿಟ್ಟರೆ 'ಒನ್ಸ್ ಮೋರ್!' ನಾನು ಎಂಟು ಹಾಡಿದರೂ ಒಬ್ಬರೂ ಅಲ್ಲಾಡಲಿಲ್ಲ. ಹೊಟ್ಟೆ ಉರಿಯಿತು. ಸುಳ್ಳೇಕೆ? ಭಯವೂ ಆಯಿತು.

ಹಾರ್ಮೋನಿಯಂ ಮೇಷ್ಟ್ರನ್ನು ಪಕ್ಕಕ್ಕೆ ಕರೆದು, 'ನಾಟಕ ಲಾಂಗ್ ಆಯ್ತದೆ ಸಾ, ಮಂತ್ರಿ ಹಾಡು ಬ್ಯಾಡ' ಎಂದೆ. ಮುಜುಗರಕ್ಕೆ ಮೇಷ್ಟ್ರು ಅವನಿಗೆ ಹೇಳಲೇ ಇಲ್ಲ. ನಾಟಕದ ದಿನ ಅವನು ಹಾಡಲು ಸಜ್ಜಾಗಿ ನಿಂತ. ಹಾರ್ಮೋನಿಯಂ ಮುಂದಿನ ಸೀನಿಗೆ ಹೋಯಿತು. ಒಂದು ಗಳಿಗೆ ಕಣ್ಣು ಕಣ್ಣು ಬಿಟ್ಟು, ಅವನು ಒಳಗೆ ನಡೆದ.

ಇಂಟರ್‌ವಲ್‌ನಲ್ಲಿ ಟೀ ಹಿಡಿದುಕೊಂಡು ಅವನಿಗೆ ಎಲ್ಲವನ್ನೂ ಹೇಳಿ ತಪ್ಪೊಪ್ಪಿಕೊಂಡೆ.

'ಗೊತ್ತು ಕಣ್ಲಾ. ಮೇಷ್ಟ್ರು ಆಮ್ಯಾಕೆ ಯೋಳಿದ್ರು.'

'ಮತ್ತೆ ಯಾಕ್ಲಾ ನನ್ನ ಬೈನಿಲ್ಲ?'

'ನೀನೇ ಎದ್ರುಕೊಂಡಿದ್ದೆ. ಇನ್ನೇನ್ ಬೈಯೋದು?' ಎಂದು ಟೀ ಊದಿದ. ಒಂದು ಗುಟುಕು ಕುಡಿದು ಹೇಳಿದ: 'ನಮ್ಮವ್ವಂಗೆ ಮಾತ್ರ ಬೇಜಾರು. ಸ್ಟೇಜ್ ಮ್ಯಾಲೆ ನಂಗೆ ಪದ ಮರ್ತೋಯ್ತು ಅಂತ್ಲೇ ತಿಳ್ಕೊಂಡವ್ಳೆ. ಈಗ್ಲೂ ನೆಂಟ್ರು ಬಂದ್ರೆ, ನನ್ ಮಗ ಮನೇಲಿ ಚೆಂದಾಗಿ ಹಾಡ್ತಾನೆ, ಅವತ್ತು ಅದೇನಾಯ್ತೋ ಅಂತಾಳೆ. ನಿನ್ ಎಸ್ರು ಯಾಕೆ ಯೋಳ್ಲಿ ಅಂತ ಸುಮ್ಕಿದೀನಿ.'

ಸೆಕೆಂಡ್ ಹಾಫ್‌ನಲ್ಲಿ ಏನು ನಡೆಯಿತೋ ಕೇಳಬೇಡಿ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆ ಸ್ಟಾರ್‌ಗಾದರೋ ಕೋಟಿ ಅಭಿಮಾನಿಗಳನ್ನು ಕಳೆದುಕೊಳ್ಳುವ ಭಯ. ನಾನು ಸಣ್ಣವನಾಗಿದ್ದು ಮುನ್ನೂರು ಪ್ಲಾಸ್ಟಿಕ್ ಕುರ್ಚಿಗಳ ಮುಂದೆ. ಅದಕ್ಕಾಗಿ ಒಬ್ಬ ತಾಯಿ ವರ್ಷವಿಡೀ ಮಗನ ಪರವಾಗಿ ಸಮಜಾಯಿಷಿ ಕೊಡುತ್ತಿದ್ದಾರೆ.

ಈ ಪುಟದಲ್ಲಿ ನಿಮ್ಮೆಲ್ಲರ ಮುಂದೆ ಒಪ್ಪಿಕೊಂಡುಬಿಟ್ಟೆ. ಓದು ಬಾರದ ಆ ಒಬ್ಬ ತಾಯಿಯ ಎದುರು ನಿಂತು ಹೇಳಲು ಮಾತ್ರ ನನಗೇಕೆ ಇನ್ನೂ ಹಳ್ಳಿಮೈಸೂರಿನ ಬಸ್ ಸಿಕ್ಕಿಲ್ಲ?