ಕದಿರಮ್ಮನ ಬೆರಳಿಗೆ ಒಗ್ಗಿದ ಬಟನ್

ಟೊಮೆಟೊ ಬಿಡಿಸುವುದರಲ್ಲಿ ಕದಿರಮ್ಮ ಎತ್ತಿದ ಕೈ. ಅವಳದು ಬೇತಮಂಗಲದ ಪಕ್ಕದ ಹಳ್ಳಿ. ನಲವತ್ತು ವರ್ಷದ ಕೂಲಿಯಿಂದ ಆಕೆಯ ಬೆರಳಿನ ತುದಿಗಳು ಜಡ್ಡುಗಟ್ಟಿದ್ದವು.

ಹೋದ ವರ್ಷ ಬೆಂಗಳೂರಿನ ವಿಶ್ವವಿದ್ಯಾಲಯದಿಂದ ಭಾನುಪ್ರಿಯ ಎಂಬ ಸಂಶೋಧನಾ ವಿದ್ಯಾರ್ಥಿನಿ ಊರಿಗೆ ಬಂದಳು. ಆಸ್ಪತ್ರೆಯ ಟೋಕನ್ನನ್ನು ಫೋನಿನಲ್ಲೇ ತೆಗೆದುಕೊಳ್ಳುವ ವೆಬ್‌ಸೈಟೊಂದನ್ನು ಅವಳ ವಿಭಾಗ ಮಾಡುತ್ತಿತ್ತು. ಅದು ಎಲ್ಲರ ಕೈಗೂ ಒಗ್ಗುತ್ತದೆಯೇ ಎಂದು ನೋಡಬೇಕಿತ್ತು. ಮಂಡಿ ನೋವಿಗೆಂದು ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಯಲ್ಲಿ ಸಾಲು ನಿಂತು ಬೇಸತ್ತಿದ್ದ ಕದಿರಮ್ಮ ಎಲ್ಲರಿಗಿಂತ ಮೊದಲು ಬಂದು ಕೂತಳು.

ಅವಳಿಗೆ ಓದಲು ಬರುತ್ತಿತ್ತು. ‘ಟೋಕನ್’ ಎಂದಿದ್ದಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದಳು. ಟೋಕನ್ ಬರಲಿಲ್ಲ, ಯಾವುದೋ ಇಂಗ್ಲಿಷ್ ಪಟ್ಟಿ ತೆರೆದುಕೊಂಡಿತು. ಮತ್ತೆ ಒತ್ತಿದರೂ ಅದೇ ಪಟ್ಟಿ. ಹೀಗೆ ಆರು ಸಲ. ಭಾನುಪ್ರಿಯ ನೋಟ್‌ಬುಕ್ಕಿನಲ್ಲಿ ಏನೋ ಗೀಚಿದಳು. ಏನು ಬರೆದೆಯೆಂದು ಕದಿರಮ್ಮ ಕೇಳಿದ್ದಕ್ಕೆ ಸಂಕೋಚದಿಂದ ಓದಿದಳು: ‘ಬಳಸುವವರ ತಪ್ಪು, ಆರು.’ ಮುಟ್ಟಿದ ಕೂಡಲೇ ಬೆರಳು ತೆಗೆಯಬೇಕೆಂದೂ ಹೇಳಿಕೊಟ್ಟಳು.

ಕದಿರಮ್ಮನಿಗೆ ನಗು ಬಂತು. “ಅಂಗ್ ಮುಟ್ಟಿದ್ರೆ ಮುಟ್ಟಿದ್ದೇ ನಂಗ್ ಗೊತ್ತಾಗಲ್ಲ ಕಣಮ್ಮ. ಒತ್ತು ಅಂದೆ, ಒತ್ತಿದೆ. ತಪ್ಪು ನನ್ ಬೆರಳ್ದಾ, ನಿನ್ ಬಟನ್ದಾ? ಸರ್ಯಾಗಿ ಬರ್ಕೋ.”

ಭಾನುಪ್ರಿಯ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ತಿರುವಿದಳು. ಇದುವರೆಗೆ ವೆಬ್‌ಸೈಟನ್ನು ಪರೀಕ್ಷಿಸಿದವರೆಲ್ಲ ಅವಳ ವಿಶ್ವವಿದ್ಯಾಲಯದವರೇ, ನುಣುಪು ಬೆರಳಿನವರು. ಮಾರನೆಯ ದಿನ ಅವಳು ಟೊಮೆಟೊ ತೋಟಕ್ಕೇ ಹೋದಳು. ಅಲ್ಲಿದ್ದ ಐವರಲ್ಲಿ ನಾಲ್ವರು ಒತ್ತಿ ಹಿಡಿಯುವವರೇ. ಕದಿರಮ್ಮನ ಗೆಳತಿ ಕನಕಮ್ಮನ ಹೆಬ್ಬೆರಳಂತೂ ಒಮ್ಮೆಗೇ ಎರಡು ಬಟನ್ ಮುಚ್ಚಿತು. ಭಾನುಪ್ರಿಯ ಹಳೆಯ ಸಾಲು ಹೊಡೆದುಹಾಕಿ ‘ಬಟನ್ನಿನ ತಪ್ಪು’ ಎಂದು ಬರೆದಳು. ಅವಳ ಪ್ರೊಫೆಸರ್ ಮೊದಲು ಒಪ್ಪಲಿಲ್ಲ. ತೋಟದಲ್ಲಿ ತೆಗೆದ ವೀಡಿಯೊ ನೋಡಿದ ಮೇಲೆ ತಾವೇ ವೆಬ್‌ಸೈಟನ್ನು ತಿದ್ದಲು ಕೂತರು.

ಮೂರು ತಿಂಗಳಿಗೆ ಭಾನುಪ್ರಿಯ ಮತ್ತೆ ಬಂದಳು. ಬಟನ್‌ಗಳು ದೊಡ್ಡವಾಗಿದ್ದವು, ನಡುವೆ ಜಾಗವಿತ್ತು. ಎಷ್ಟು ಹೊತ್ತು ಒತ್ತಿ ಹಿಡಿದರೂ ನಡೆಯುತ್ತಿತ್ತು. ಕದಿರಮ್ಮ ಒತ್ತಿದಳು. ಫೋನು ಅಂಗೈಯಲ್ಲಿ ಗುರ್ ಎಂದಿತು. ಮಂಗಳವಾರಕ್ಕೆ ಹದಿನಾಲ್ಕನೇ ನಂಬರಿನ ಟೋಕನ್ ಬಂತು. ಖುಷಿಗೆ ಕನಕಮ್ಮನಿಗೂ ಒಂದು ತೆಗೆದುಕೊಟ್ಟಳು.

ಪ್ರಬಂಧದಲ್ಲಿ ನಿಮ್ಮ ಹೆಸರು ಹಾಕಬಹುದೇ ಎಂದು ಭಾನುಪ್ರಿಯ ಕೇಳಿದಳು.

“ಆಕು. ಊರ್ ಎಸ್ರೂ ಸೇರ್ಸು,” ಎಂದಳು ಕದಿರಮ್ಮ.

ಮಂಗಳವಾರ ಇಬ್ಬರು ಗೆಳತಿಯರೂ ಬಸ್ಸು ಹತ್ತಿದರು. ಹತ್ತೂವರೆಗೆಲ್ಲ ಡಾಕ್ಟರಿಗೆ ತೋರಿಸಿಕೊಂಡು, ಪೇಟೆಯಲ್ಲಿ ಬಳೆ ತೊಟ್ಟು, ಊಟದ ಹೊತ್ತಿಗೆ ಮನೆ ಸೇರಿದ್ದರು.