ಕುರಿ ಮನೆಗೆ ಬಂದ ದಿನ

ಶಿವಾಜಿನಗರದ ಗಲ್ಲಿಯಲ್ಲಿ ಬ್ಲೌಸು ಹೊಲಿದು ಮಕ್ಕಳನ್ನು ಸಾಕಿದವಳು ನಾನು. ಓಟಿನ ಹೊತ್ತಿಗೆ ಕೈ ಮುಗಿದುಕೊಂಡು ಬರುವವರಿಗೆಲ್ಲ “ಆಯ್ತು ಹೋಗ್ರಪ್ಪ” ಅಂದು ಮೆಷಿನ್ ತುಳಿಯುತ್ತಿದ್ದೆ. ಒಬ್ಬ ರಾಜಕಾರಣಿಯ ಅಡುಗೆಮನೆಯಲ್ಲಿ ಕೂತು ಚಹಾ ಕುಡಿದದ್ದು ಸ್ವೀಡನ್ನಿನಲ್ಲಿ. ಅವನು ನಮ್ಮ ಕಡೆಯವನಲ್ಲ, ಪಾಕಿಸ್ತಾನದ ಪಠಾಣ. ಆಗ “ಅವರು” ಅನ್ನುತ್ತಿದ್ದೆ. ಈಗ “ಅವನು” ಅಂದರೆ ಸಾಕು.

ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂದ ಹೊಸದು. ಮಗಳು ಸ್ಟಾಕ್‌ಹೋಮಿನ ಪಕ್ಕದ ಫ್ಲೆಮಿಂಗ್ಸ್‌ಬೆರ್ಯ್‌ನಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದಳು, ನಾನು ಅವಳ ಮನೆಗೆ ಹೋಗಿದ್ದೆ. ಮೊಮ್ಮಗಳು ದಾಗಿಸ್‌ಗೆ, ಅಂದರೆ ಅಲ್ಲಿನ ಶಿಶುವಿಹಾರಕ್ಕೆ ಹೋದಮೇಲೆ ನನಗೆ ಗೋಡೆ ನೋಡುವ ಕೆಲಸ. ಎದುರು ಮನೆಯಲ್ಲಿ ಪಠಾಣನೂ ಅವನ ಹೆಂಡತಿಯೂ ಮಗನ ಜೊತೆ ಇದ್ದರು. ನನ್ನ ಉರ್ದು ಬ್ಲೌಸಿನ ಗಿರಾಕಿಗಳಿಂದ ಕಲಿತದ್ದು, ಹರಕು. ಅವಳದ್ದು ಇನ್ನೂ ಹರಕು. ಎರಡು ಹರಕು ಸೇರಿಸಿ ಹೊಲಿದುಕೊಂಡು ಮಾತಾಡುತ್ತಿದ್ದೆವು. ಅವಳು ನನ್ನನ್ನು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದಳು, ನಾನು ಅವಳನ್ನು ಬೀಬಿ.

ಅವನಿಗೆ ಮಾತು ಅಂದರೆ ಊಟ. ಕಾಲೇಜಿನಲ್ಲಿ ಪಶ್ತೋ ಭಾಷೆಗಾಗಿ ಘೋಷಣೆ ಕೂಗಿ ಜೈಲಿಗೆ ಹೋಗಿದ್ದನಂತೆ. ಹೊರಬಂದು ಪಕ್ಷ ಸೇರಿದ, ಎರಡು ಸಲ ಸೋತು ಮೂರನೆಯ ಸಲ ಗೆದ್ದ. ಪಠಾಣರ ನೆಲ ಪಠಾಣರ ಕೈಯಲ್ಲಿರಬೇಕು, ಮಕ್ಕಳು ತಾಯಿಯ ಮಾತಿನಲ್ಲಿ ಓದಬೇಕು, ಯಾರೂ ಬಂದೂಕು ಹಿಡಿಯಬಾರದು ಎಂದು ಹಳ್ಳಿಹಳ್ಳಿ ತಿರುಗಿದ.

“ಬಹನ್‌ಜೀ, ನಿಮ್ಮ ಭಾಷೆಗೆ ಒಂದು ರಾಜ್ಯ ಇದೆ. ನೀವು ಪುಣ್ಯವಂತರು” ಅಂದ ಒಂದು ದಿನ.

“ಇದೆ ಭಾಯಿಸಾಬ್. ಆದರೆ ನಮ್ಮ ಬೀದಿಯಲ್ಲಿ ತರಕಾರಿಯವನಿಗೂ ಹಿಂದಿಯಲ್ಲೇ ಬೈಬೇಕು.”

ಅವನು ಮೇಜು ತಟ್ಟಿ ನಕ್ಕ. “ನೀವು ನಮ್ಮ ಪಕ್ಷದಲ್ಲಿ ಇರಬೇಕಿತ್ತು!”

ಬೀಬಿ ನಗಲಿಲ್ಲ. ಆ ಪಕ್ಷ ಅವಳ ತಮ್ಮನನ್ನು ತಿಂದಿತ್ತು. ಆ ಹುಡುಗ ಭಾವನ, ಅಂದರೆ ಈ ಪಠಾಣನ, ಚುನಾವಣೆಗೆ ಓಡಾಡುತ್ತಿದ್ದ. ಬಂದೂಕಿನವರು ಹುಡುಕುತ್ತಿದ್ದಾರೆ ಅಂತ ಗೊತ್ತಿದ್ದೂ, ಪಕ್ಷದ ದೊಡ್ಡ ಮನುಷ್ಯನೊಬ್ಬ ಅಧಿಕಾರದಲ್ಲಿದ್ದವರ ಜೊತೆ ಒಳಗೊಳಗೇ ರಾಜಿ ಮಾಡಿಕೊಂಡು ಇವರ ಕಾವಲಿನವರನ್ನು ವಾಪಸ್ ಕರೆಸಿಕೊಂಡ. ಆ ವಾರವೇ ತಮ್ಮನನ್ನು ಬಾಗಿಲಲ್ಲೇ ಹೊಡೆದು ಕೊಂದರು. ಇವರು ಊರು ಬಿಟ್ಟರು.

ಬೀಬಿ ಹೇಳಿದ್ದಳು, ಅವರಲ್ಲಿ ಒಂದು ಪದ್ಧತಿ. ತಪ್ಪು ಮಾಡಿದವನು ಕುರಿ ಹಿಡಿದುಕೊಂಡು ನೊಂದವರ ಬಾಗಿಲಿಗೆ ಬರುತ್ತಾನೆ, ಜೊತೆಗೆ ಊರ ಹಿರಿಯರು. ಒಳಗೆ ಕರೆದು, ಆ ಕುರಿಯ ಮಾಂಸವನ್ನು ಮನೆಯ ಒಲೆಯ ಮೇಲೆ ಬೇಯಿಸಿ ಒಟ್ಟಿಗೆ ಉಂಡರೆ ಹಗೆ ಮುಗಿಯಿತು. ಆಮೇಲೆ ಯಾರೂ ಆ ಸಾವಿನ ಮಾತು ಎತ್ತುವ ಹಾಗಿಲ್ಲ.

“ಆ ದೊಡ್ಡ ಮನುಷ್ಯನೂ ಒಂದು ದಿನ ಕುರಿ ಕಳಿಸ್ತಾನೆ ಆಪಾ. ಓಟಿಗೆ ಇವರ ಹೆಸರು ಅವನಿಗೆ ಬೇಕು. ನಾನು ಈ ಮನೆಯಲ್ಲಿ ಇರೋವರೆಗೂ ಆ ಕುರಿ ಹೊಸ್ತಿಲು ದಾಟಲ್ಲ. ನನ್ನ ಒಲೆ ಹಚ್ಚಲ್ಲ.”

ಇದಾಗಿ ಒಂದು ತಿಂಗಳಿರಬಹುದು. ಪಠಾಣ ನಮ್ಮ ಬಾಗಿಲಿಗೆ ಬಂದ.

“ಬಹನ್‌ಜೀ, ಇವಳು ಮನೆ ಬಿಟ್ಟು ಕದಲೋದೇ ಇಲ್ಲ. ಒಂದು ಸಲ್ವಾರ್ ಬಟ್ಟೆ ಬೇಕಂತೆ, ನನಗೆ ಬಟ್ಟೆ ಗೊತ್ತಾಗಲ್ಲ. ಶನಿವಾರ ಕರಕೊಂಡು ಹೋಗಿ. ನೀವಂದರೆ ಬರ್ತಾಳೆ.”

ಪಾಪ, ಹೆಂಡತಿಯ ಮೇಲೆ ಎಷ್ಟು ಕಾಳಜಿ ಅಂದುಕೊಂಡೆ. ರೈಲಿನ ಕಾರ್ಡನ್ನು ಅವನೇ ಕೈಗಿಟ್ಟ. “ಆತುರ ಏನಿಲ್ಲ. ಫಿಕಾ ಮುಗಿಸ್ಕೊಂಡೇ ಬನ್ನಿ.” ಫಿಕಾ ಅಂದರೆ ಅಲ್ಲಿಯವರು ಕಾಫಿ, ಬನ್ನು ಇಟ್ಟುಕೊಂಡು ಹೊತ್ತು ಕಳೆಯುವುದು.

ಹೊತ್ತು ಕಳೆದೆವು. ಸ್ಟಾಕ್‌ಹೋಮಿನ ಅಂಗಡಿಯಲ್ಲಿ ಬೀಬಿ ತಿಳಿನೀಲಿ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, “ಇದನ್ನ ನೀನೇ ಹೊಲಿ” ಅಂದಳು. ಬನ್ನು ತಿನ್ನುವಾಗ ತಮ್ಮನ ಕಥೆ ಹೇಳಿ ನಕ್ಕಳು, ಚಿಕ್ಕವನಿದ್ದಾಗ ಕದ್ದು ಬೆಲ್ಲ ತಿಂದು ತಪ್ಪನ್ನು ಮೇಕೆಯ ಮೇಲೆ ಹಾಕುತ್ತಿದ್ದನಂತೆ. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ವಾಪಸ್ ಬಂದಾಗ ಅವರ ಬಾಗಿಲಲ್ಲಿ ಗಂಡಸರ ಶೂ ರಾಶಿ. ಮೆಟ್ಟಿಲವರೆಗೂ ಮಾಂಸದ ವಾಸನೆ.

ಬೀಬಿ ಓಡಿದಳು. ಹಿಂದೆ ನಾನೂ ಹೋದೆ. ಸಿಂಕಿನಲ್ಲಿ ರಕ್ತದ ಪ್ಲಾಸ್ಟಿಕ್ಕು ಬಿದ್ದಿತ್ತು. ಅಪಾರ್ಟ್‌ಮೆಂಟಿಗೆ ಜೀವಂತ ಕುರಿ ತರುವ ಹಾಗಿಲ್ಲವಲ್ಲ, ಕಟುಕನ ಅಂಗಡಿಯಲ್ಲಿ ಇಡೀ ಕುರಿ ಕಡಿಸಿ ತಂದಿದ್ದರು. ಜನ್ಮದಲ್ಲಿ ನೀರು ಕಾಯಿಸದ ಗಂಡಸು ಸೌಟು ಹಿಡಿದು ಒಲೆ ಮುಂದೆ ನಿಂತಿದ್ದ. ಹಾಲ್‌ನಲ್ಲಿ ಆ ದೊಡ್ಡ ಮನುಷ್ಯನ ಪರವಾಗಿ ಪಾಕಿಸ್ತಾನದಿಂದ ಬಂದ ಹಿರಿಯರು ಎಲುಬು ಚೀಪುತ್ತಿದ್ದರು.

ಬೀಬಿ ಕಿರುಚಲಿಲ್ಲ. “ಸತ್ತವನು ನನ್ನ ತಮ್ಮ. ಕ್ಷಮಿಸೋಕೆ ನೀನು ಯಾರು?” ಅಂದಳು. ನನಗಾಗಿಯೋ ಏನೋ, ಉರ್ದುವಿನಲ್ಲೇ ಅಂದಳು.

“ಉಂಡಾಯ್ತು. ಇನ್ನು ಆ ಮಾತು ಬೇಡ” ಅಂದ ಅವನು.

ಆಮೇಲೆ ಅವಳು ನನ್ನ ಕಡೆ ತಿರುಗಿದಳು. ಬಟ್ಟೆಯ ಚೀಲ ಇನ್ನೂ ನನ್ನ ಕೈಯಲ್ಲೇ ಇತ್ತು.

“ನಿನಗೆ ಗೊತ್ತಿತ್ತಾ?”

“ನಿನ್ನಾಣೆ, ಇಲ್ಲ.”

ಮಾರನೆಯ ದಿನ ಕಸ ಹಾಕುವ ಜಾಗದಲ್ಲಿ ಅವನು ಸಿಕ್ಕ. ಬಿಡಲಿಲ್ಲ ನಾನು. “ಕುರಿ ಒಳಗೆ ತರೋಕೆ ನಿಮಗೆ ನಾನೇ ಬೇಕಾಗಿತ್ತಾ?”

“ಬಹನ್‌ಜೀ, ಇದು ಕೌಮಿನ ವಿಷಯ. ನಮ್ಮ ಜನ ಒಂದಾಗಬೇಕು. ಒಬ್ಬೊಬ್ಬರ ದುಃಖ ನೋಡ್ತಾ ಕೂತರೆ...”

“ಜೈಲಿಗೆ ಹೋಗೋಕೆ ಧೈರ್ಯ ಇತ್ತಲ್ಲ. ಹೆಂಡತಿ ಮುಂದೆ ನಿಂತು, ಹಿಂಗೆ ಮಾಡ್ತೀನಿ ಅನ್ನೋಕೆ ಇರಲಿಲ್ವಾ?”

ಅವನು ಡಬ್ಬದ ಮುಚ್ಚಳ ಮುಚ್ಚಿ ಹೋದ. ಚಳಿಗಾಲ ಮುಗಿಯುವ ಮೊದಲೇ ಊರಿಗೆ ಹಾರಿದ. ಆ ದೊಡ್ಡ ಮನುಷ್ಯನ ಪಕ್ಕ ಹಾರ ಹಾಕಿಕೊಂಡು ವೇದಿಕೆಯ ಮೇಲೆ ನಿಂತದ್ದನ್ನು ಮಗಳು ಫೋನಿನಲ್ಲಿ ತೋರಿಸಿದಳು. ಗೆದ್ದನಂತೆ. ಭಾಷಣ ಚೆನ್ನಾಗಿ ಮಾಡುತ್ತಾನೆ, ಸುಳ್ಳಲ್ಲ.

ಬೀಬಿ ಹೋಗಲಿಲ್ಲ. ಸುಮಾರು ದಿನ ಬಾಗಿಲು ತೆರೆಯಲೂ ಇಲ್ಲ. ಆಮೇಲೆ ಒಂದು ದಿನ ತೆರೆದು, ನನ್ನನ್ನು ಒಳಗೆ ಕೂರಿಸಿ, ಚಹಾ ಕೊಟ್ಟಳು. ನಿನ್ನನ್ನು ನಂಬ್ತೀನಿ ಆಪಾ ಅಂದಳು. ಬಿಸಿಲು ಬಿದ್ದಿತ್ತು. ಬಾ, ಕೆಳಗೆ ಒಂದು ಸುತ್ತು ಹೋಗಿ ಬರೋಣ ಅಂದೆ.

“ಬೇಡ. ನಾನು ವಾಪಸ್ ಬರೋದರೊಳಗೆ ಇಲ್ಲಿ ಏನಾಗಿರುತ್ತೋ” ಅಂದಳು.

ಗಂಡ ಇರಲಿಲ್ಲ, ಮಗ ಆಫೀಸಿನಲ್ಲಿದ್ದ. ಮನೆಯಲ್ಲಿ ಇನ್ನು ಆಗುವುದಕ್ಕೆ ಏನೂ ಉಳಿದಿರಲಿಲ್ಲ. ಆದರೂ ನನ್ನ ವೀಸಾ ಮುಗಿಯುವವರೆಗೂ ಅವಳು ಆ ಬಾಗಿಲು ದಾಟಲಿಲ್ಲ.