ಗೇಟು ದಾಟದೆ ಬರೆದ ವರದಿ

ಇದನ್ನು ಆದಷ್ಟು ಕ್ರಮವಾಗಿ ಬರೆಯಬೇಕು. ನಾನು ಕಂಡದ್ದು ಯಾವುದು, ಬೇರೆಯವರು ಹೇಳಿ ತಿಳಿದದ್ದು ಯಾವುದು ಎಂಬುದನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳದೆ ಹೋದದ್ದರಿಂದಲೇ ಇದೆಲ್ಲ ಆಯಿತು.

ನಾನು ಬ್ಯಾಟರಾಯನಪುರದ ಕಡೆ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪಾಠದ ಜೊತೆಗೆ ಮತದಾರರ ಪಟ್ಟಿಯ ಕೆಲಸವೂ ನಮ್ಮ ಮೇಲಿದೆ. ಒಂದು ಮತಗಟ್ಟೆಗೆ ಒಬ್ಬರಂತೆ, ಪಟ್ಟಿ ಹಿಡಿದು ಮನೆಮನೆಗೆ ಹೋಗಬೇಕು. ಪಟ್ಟಿಯಲ್ಲಿರುವವರು ಇದ್ದಾರೆಯೇ, ಮನೆ ಬಿಟ್ಟಿದ್ದಾರೆಯೇ, ತೀರಿಕೊಂಡಿದ್ದಾರೆಯೇ ಎಂದು ನೋಡಿ ಬರೆಯಬೇಕು.

ನನ್ನ ಭಾಗದಲ್ಲಿ ಒಂದು ದೊಡ್ಡ ಕಾಂಪೌಂಡ್ ಇದೆ. ಹಳೆಯ ಊರಿನ ಒಕ್ಕಲು ಮನೆತನದ್ದು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಎರಡು ಸಾಲು ಬಾಡಿಗೆ ಮನೆಗಳಿವೆ. ಮಾಲೀಕರು ಮರ್ಯಾದಸ್ಥರು. ನಾನು ಹೋದಾಗಲೆಲ್ಲ ಗೇಟಿನ ಪಕ್ಕದ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ತರಿಸುತ್ತಿದ್ದರು.

“ಬಿಸಿಲಲ್ಲಿ ಯಾಕ್ ಅಲೀತೀರಾ ಮಿಸ್? ನೀವ್ ಹೆಸ್ರು ಓದ್ತಾ ಹೋಗಿ, ನಾನ್ ಹೇಳ್ತಾ ಹೋಗ್ತೀನಿ.”

ನಾನು ಓದುತ್ತಿದ್ದೆ. ಅವರು “ಅವ್ರೆ”, “ಅವ್ರೆ”, “ಖಾಲಿ ಮಾಡಿದ್ರು”, “ಆಯಮ್ಮ ಹೋಗಿ ವರ್ಷ ಆಯ್ತಲ್ಲ” ಎನ್ನುತ್ತಿದ್ದರು. ಇದು ನಾನು ಶುರು ಮಾಡಿದ ಪದ್ಧತಿಯಲ್ಲ. ನನಗಿಂತ ಮೊದಲು ಈ ಕೆಲಸ ಮಾಡಿದವರು ಪಟ್ಟಿ ಒಪ್ಪಿಸುವಾಗ ಆ ಕಾಂಪೌಂಡಿನ ಎದುರು ಪೆನ್ಸಿಲಿನಲ್ಲಿ “ಗೇಟಿನಲ್ಲೇ ಮುಗಿಯುತ್ತದೆ” ಎಂದು ಬರೆದುಕೊಟ್ಟಿದ್ದರು. ನಾನು ಅದನ್ನು ಉಪಕಾರವೆಂದೇ ತಿಳಿದೆ.

ಹೆಸರು ತೆಗೆಯುವ ಮೊದಲು ಆ ವ್ಯಕ್ತಿಗೆ ನೋಟಿಸ್ ಮುಟ್ಟಿಸಬೇಕು. ಅದನ್ನೂ ಮಾಲೀಕರ ಕೈಗೇ ಕೊಟ್ಟೆ. ಉತ್ತರ ಬರಲಿಲ್ಲ. ಉತ್ತರ ಬರಲಿಲ್ಲವೆಂಬುದನ್ನೇ ಆಧಾರ ಮಾಡಿಕೊಂಡು ಚುನಾವಣಾ ಕಚೇರಿಯವರು ಹೆಸರುಗಳನ್ನು ತೆಗೆದರು.

ಮತದಾನದ ದಿನ ಶಾಲೆಯ ಅಂಗಳದಲ್ಲಿ ಮೇಜು ಹಾಕಿಕೊಂಡು, ಜನರಿಗೆ ಅವರ ಕ್ರಮಸಂಖ್ಯೆ ಹುಡುಕಿಕೊಡುತ್ತಿದ್ದೆ. ಹನ್ನೊಂದರ ಸುಮಾರಿಗೆ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಸೀರೆಯ ಮೇಲೆ ನೀಲಿ ಕೋಟು. ಹೆಬ್ಬಾಳದ ಕಡೆ ಒಂದು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸವೆಂದೂ, ಓಟಿಗಾಗಿ ಮೂರು ಗಂಟೆ ಬಿಟ್ಟಿದ್ದಾರೆಂದೂ ಹೇಳಿದರು.

“ಟೀಚರಮ್ಮ, ನನ್ ಚೀಟಿ ಬಂದಿಲ್ಲ. ಒಸಿ ನೋಡಿ.”

ನೋಡಿದೆ. ಅವರ ಫೋಟೋದ ಮೇಲೆ ಅಡ್ಡಲಾಗಿ, ಹೆಸರು ತೆಗೆಯಲಾಗಿದೆ ಎಂಬ ಮುದ್ರೆಯಿತ್ತು. ಮನೆ ಆ ಕಾಂಪೌಂಡಿನದು.

“ಸಿಸ್ಟಮ್ಮಲ್ಲಿ ತೆಗೆದ್ಬಿಟ್ಟಿದ್ದಾರಮ್ಮ” ಎಂದೆ. “ನೀವು ಆ ಮನೇಲಿಲ್ಲ ಅಂತ ಬಂದಿದೆ.”

“ಮತ್ತೆ ನಾನೆಲ್ಲಿಗೆ ಓಗಿದೀನಂತೆ?”

ಹಿಂದೆ ನಿಂತಿದ್ದ ಆಟೋ ಚಾಲಕರೊಬ್ಬರು ನಕ್ಕರು. “ಏನಕ್ಕಾ, ಫಾರಿನ್‌ಗೆ ಹೋಗಿದ್ಯಾ? ನಮ್ಗೆ ಒಂದ್ ಮಾತ್ ಹೇಳ್ಬಾರ್ದಾ?”

“ಊಂ ಕಣೋ. ಯಲಂಕದಲ್ಲಿ ಇಮಾನ ಅತ್ಕೊಂಡ್ ಓಗಿದ್ದೆ. ನಿನ್ ಆಟೋದಲ್ಲಿ ಓಗಿದ್ರೆ ಇನ್ನೂ ಮೀಟ್ರು ಮೇಲೆ ಇಪ್ಪತ್ತು ಕೇಳ್ತಿದ್ದೆಯಲ್ಲ!”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವರೂ ನಕ್ಕರು, ಆದರೆ ಬೇಗ ನಿಲ್ಲಿಸಿದರು. ಒಳಗೆ ಹೋಗಿ ಮತಗಟ್ಟೆಯ ಅಧಿಕಾರಿಯನ್ನು ಕೇಳಿದರು. ಗುರುತಿನ ಚೀಟಿ ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದೆ ಓಟು ಹಾಕಿಸಲಾಗುವುದಿಲ್ಲ ಎಂದು ಅವರು ಸೌಜನ್ಯದಿಂದಲೇ ಹೇಳಿದರು. ಆ ಹೆಂಗಸು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಒಂದು ಗಂಟೆ ನಲವತ್ತು ನಿಮಿಷ ಕೂತಿದ್ದರು. ನಾನು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದುದರಿಂದ ಇದು ನನಗೆ ಸರಿಯಾಗಿ ಗೊತ್ತು. ಆಮೇಲೆ ಎದ್ದು ಬಸ್ಸಿಗೆ ಹೋದರು.

ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದವಳು ನಾನು. ಆಳುವವರ ಅಧಿಕಾರಕ್ಕೆ ಆಳಿಸಿಕೊಳ್ಳುವವರ ಒಪ್ಪಿಗೆಯೇ ಆಧಾರ ಎಂದು ಪುಟಗಟ್ಟಲೆ ಬರೆದು ಪಾಸಾಗಿದ್ದೇನೆ. ಆ ಪುಟಗಳಲ್ಲಿ ಪ್ರಭುತ್ವ ಎಂದರೆ ದೂರದ್ದು, ದೊಡ್ಡದು. ಅದಕ್ಕೆ ಸೈನ್ಯವಿತ್ತು, ಮುದ್ರೆಯಿತ್ತು. ಒಬ್ಬ ಬಾಡಿಗೆದಾರಳು ಇದ್ದಾಳೋ ಇಲ್ಲವೋ ಎಂಬುದನ್ನು ಮನೆಯ ಮಾಲೀಕರನ್ನು ಕೇಳಿ ಬರೆದುಕೊಳ್ಳುವಾಗ ಆ ಪ್ರಭುತ್ವ ನಾನೇ ಆಗಿದ್ದೆ ಎಂಬುದು ಅಂದು ಅಂಗಳದಲ್ಲಿ ಕೂತಾಗ ಹೊಳೆಯಿತು. ಸಂಜೆಯವರೆಗೂ ಉಳಿದವರ ಸಂಖ್ಯೆ ಹುಡುಕಿಕೊಟ್ಟೆ.

ಮುಂದಿನ ಭಾನುವಾರ, ಹೆಸರು ಸೇರಿಸುವ ಅರ್ಜಿ ಹಿಡಿದು ಆ ಹೆಂಗಸಿನ ಮನೆಗೆ ಹೋದೆ. ಮಾಲೀಕರು ಗೇಟಿನಲ್ಲಿದ್ದರು.

“ಆಯಮ್ಮ ಇಲ್ಲೇ ಅವ್ರಾ? ಮುಂದಿನ್ ಸಾಲಿನ ಮನೆ ಬಿಟ್ರಲ್ಲ, ಅದಕ್ಕೇ ಹೋದ್ರು ಅಂದೆ. ಹಿಂದ್ಗಡೆದೆಲ್ಲ ನನ್ ಮಗ ನೋಡ್ಕೊಳ್ಳೋದು ಮಿಸ್.”

ಅವರು ಸುಳ್ಳು ಹೇಳಿದರೋ, ನಿಜವಾಗಿಯೂ ತಿಳಿದಿರಲಿಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಇಲ್ಲಿ ಬರೆಯುವುದಿಲ್ಲ. ಗೇಟಿನಿಂದ ಹಿಂದಿನ ಸಾಲಿನಲ್ಲಿದ್ದ ಆ ಹೆಂಗಸಿನ ಬಾಗಿಲಿಗೆ ನಲವತ್ತೊಂದು ಹೆಜ್ಜೆ.

ಅವರು ಒಲೆಯ ಮೇಲೆ ಏನೋ ಇಟ್ಟಿದ್ದರು. ನನ್ನನ್ನು ಮಂಚದ ಮೇಲೆ ಕೂರಿಸಿದರು. ಅರ್ಜಿ ತುಂಬಿ, ಪೂರ್ತಿ ಓದಿ ಹೇಳಿದೆ. ಕೊನೆಗೊಂದು ಘೋಷಣೆ ಇರುತ್ತದೆ: ಪಟ್ಟಿಗೆ ಹೆಸರು ಸೇರಿಸಲು ಇದೇ ಮೊದಲ ಬಾರಿ ಕೇಳುತ್ತಿದ್ದೇನೆ ಎಂದು.

“ಮೊದಲ್ನೇ ಸಲನಾ?” ಎಂದರು.

“ಫಾರ್ಮಲ್ಲಿ ಹಾಗೇ ಇರುತ್ತಮ್ಮ.”

“ಮದ್ವೆ ಆಗಿ ಬಂದಾಗ್ಲಿಂದ ಓಟ್ ಆಕಿದೀನಿ. ಒಂದ್ಸಲ ತಪ್ಸಿಲ್ಲ. ಇದ್ಕೆ ಸೈನ್ ಆಕಿದ್ರೆ ಅದೆಲ್ಲ ಸುಳ್ಳಾಯ್ತದಲ್ಲ?”

“ಬರೀ ಫಾರ್ಮಾಲಿಟಿ. ಹಾಕಿದ್ರೆ ಹೆಸರು ವಾಪಸ್ ಬರುತ್ತೆ.”

“ನನ್ನ ಇಲ್ಲ ಅಂತ ಬರ್ದೋರ್ಗೂ ಫಾರ್ಮಾಲಿಟಿನೇ ಆಗಿತ್ತೇನೋ. ಸುಳ್ ಏಳಿ ಎಸ್ರು ವಾಪಸ್ ತಗೋಳಲ್ಲ ನಾನು.”

ಪೆನ್ನನ್ನು ಅರ್ಜಿಯ ಮೇಲಿಟ್ಟು ನನ್ನತ್ತ ಸರಿಸಿದರು. ಸಹಿ ಇಲ್ಲದೆ ಹೆಸರು ಬರುವುದಿಲ್ಲ. ಹೆಸರು ಬರದಿದ್ದರೆ ಮುಂದಿನ ಸಲವೂ ಅವರು ಮೆಟ್ಟಿಲ ಮೇಲೆ ಕೂರಬೇಕಾಗುತ್ತದೆ.

“ಬರೆದೋಳು ನಾನೇ” ಎಂದೆ. “ಸಿಸ್ಟಮ್ ಅಂದಿದ್ದು ಸುಳ್ಳು.”

ಅವರು ಎದ್ದು ಒಲೆ ಆರಿಸಿದರು. ಬೆನ್ನು ನನ್ನ ಕಡೆಗೇ ಇತ್ತು.

“ಒಳೀಕ್ ಯಾಕ್ ಬರ್ಲಿಲ್ಲ?”

“ಬಿಸಿಲಿತ್ತು.”

ಬೇರೆ ಕಾರಣ ಹುಡುಕಿದೆ, ಇರಲಿಲ್ಲ.

“ಅಂಗೇ ಬರೀರಿ ಮತ್ತೆ” ಎಂದರು.

ಒಂದು ಬಿಳಿ ಹಾಳೆಯಲ್ಲಿ ಬರೆದೆ: “ಅರ್ಜಿದಾರರು ಬಹಳ ವರ್ಷಗಳಿಂದ ಮತದಾರರು. ನಾನು ಅವರ ಮನೆಗೆ ಹೋಗದೆ, ವಾಸವಿಲ್ಲವೆಂದು ವರದಿ ಕೊಟ್ಟಿದ್ದರಿಂದ ಅವರ ಹೆಸರು ಹೋಗಿದೆ.” ಎರಡು ಸಲ ಓದಿಸಿಕೊಂಡರು. ಅದನ್ನು ಅರ್ಜಿಗೆ ಪಿನ್ ಮಾಡಿದ ಮೇಲೆಯೇ ಸಹಿ ಹಾಕಿದರು.

ಅದೇ ದಿನ ಉಳಿದ ಬಾಗಿಲುಗಳನ್ನೂ ತಟ್ಟಿದೆ. ಹೋದರು ಎಂದು ಬರೆದಿದ್ದ ಹನ್ನೊಂದು ಜನರಲ್ಲಿ ಉಳಿದ ಹತ್ತು ಜನ ಹೋದದ್ದು ನಿಜವೇ. ಇದನ್ನೂ ಹೇಳಬೇಕು. ಹತ್ತು ಸರಿಯಿರುತ್ತಿದ್ದುದರಿಂದಲೇ ಆ ಪದ್ಧತಿ ಇಷ್ಟು ವರ್ಷ ನಡೆದಿತ್ತು.

ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡ ಗುಮಾಸ್ತರು ಹಾಳೆ ಓದಿ ತಲೆ ಎತ್ತಿದರು.

“ಏನ್ ಮಿಸ್, ನಿಮ್ ಮೇಲೆ ನೀವೇ ಕಂಪ್ಲೇಂಟ್ ಬರ್ಕೊಂಡಿದೀರಾ? ತಗೊಂಡ್ಹೋಗಿ ಕಣ್ರೀ. ಇದಿಲ್ಲದೇನೂ ಅರ್ಜಿ ಪಾಸಾಗುತ್ತೆ.”

ಅವರು ನನ್ನ ಒಳ್ಳೆಯದಕ್ಕೇ ಹೇಳಿದರು. ಹೇಳಿದ್ದೂ ಸರಿ, ಅರ್ಜಿ ಪಾಸಾಗುತ್ತಿತ್ತು. ಆದರೆ ಆ ಹಾಳೆ ಇದೆಯೆಂದು ನಂಬಿ ಒಬ್ಬರು ಸಹಿ ಹಾಕಿದ್ದರು. ಅದನ್ನು ಬಿಡಿಸಿಕೊಂಡು ಬಂದರೆ ಸುಳ್ಳು ಹೇಳಿದವರು ಅವರಾಗುತ್ತಿದ್ದರು, ಅದೂ ಅವರಿಗೆ ತಿಳಿಯದಂತೆ. ಬೇಡ, ಇರಲಿ ಎಂದೆ. ಆದರೂ ಗುಮಾಸ್ತರು ಪಿನ್ ತೆಗೆದು ಹಾಳೆಯನ್ನು ಮೇಜಿನಂಚಿಗೆ ಇಟ್ಟರು.

ಅರ್ಜಿಯ ಜೊತೆ ನನ್ನ ಪರಿಶೀಲನಾ ವರದಿಯೂ ಹೋಗಬೇಕು. ಅದರಲ್ಲಿ ನಾವೆಲ್ಲ “ಪರಿಶೀಲಿಸಿ ಶಿಫಾರಸು ಮಾಡಿದೆ” ಎಂದಷ್ಟೇ ಬರೆಯುತ್ತೇವೆ. ಅಲ್ಲೇ ನಿಂತು, ಹಾಳೆಯಲ್ಲಿದ್ದ ಎರಡು ವಾಕ್ಯಗಳನ್ನು ಆ ಅಂಕಣದಲ್ಲಿ ಬರೆದು ಸಹಿ ಮಾಡಿದೆ. ಗುಮಾಸ್ತರು ಅದಕ್ಕೆ ಸೀಲ್ ಹಾಕಿದರು.

ಮೂರು ವಾರಕ್ಕೆ ನನಗೆ ಕಾರಣ ಕೇಳಿ ನೋಟಿಸ್ ಬಂತು. ಉತ್ತರ ಕೊಟ್ಟಿದ್ದೇನೆ, ತೀರ್ಮಾನ ಬಂದಿಲ್ಲ. ಆ ಹೆಂಗಸಿನ ಹೆಸರು ಹೊಸ ಪಟ್ಟಿಯಲ್ಲಿ ಬಂತು. ಕಾರ್ಡನ್ನು ನಾನೇ ಕೊಟ್ಟುಬಂದೆ. ಅವರು ಅದರ ಎರಡೂ ಬದಿ ನೋಡಿದರು.

“ನೀವ್ ಬರ್ದಿದ್ದು ಅಲ್ಲೇ ಐತಾ?”

“ಹೋದ ತಿಂಗಳು ಫೈಲ್ ನೋಡ್ದಾಗ ಇತ್ತು.”

“ಓದ್ ತಿಂಗ್ಳದ್ ಬಿಡಿ ಟೀಚರಮ್ಮ. ಈಗ ಐತಾ ಅಂತ ನೋಡ್ಕೊಂಡ್ ಬನ್ನಿ.”

ಮಾರನೆಯ ದಿನ ಶಾಲೆ ಮುಗಿಸಿ ಕಚೇರಿಗೆ ಹೋದೆ.